ಮಳೆಯ ತಲೆಗೆ ಕಟ್ಟಿದ್ದು

ಇಳಿದ ದಿನ

ನಾನು ಅಮೆರಿಕಕ್ಕೆ ಹೋದದ್ದು ನೋಡಲಿಕ್ಕಲ್ಲ, ವಾದ ಮಾಡಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರೆಲ್ಲ ‘ಜಲಪಾತ ನೋಡಿದ್ಯಾ? ಆ ಎತ್ತರದ ಬಿಲ್ಡಿಂಗು ಹತ್ತಿದ್ಯಾ?’ ಎಂದೇ ಕೇಳುತ್ತಾರೆ. ಎರಡೂ ಇಲ್ಲ. ಮೂರು ವಾರ ನಾನು ಹೆಚ್ಚಾಗಿ ನೋಡಿದ್ದು ಪ್ಲೈವುಡ್.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ‘ಯಾಕೆ ಬಂದಿದ್ದೀರಿ?’ ಎಂದು ಕೇಳಿದ. ‘ವಾದ ಮಾಡಲು’ ಎಂದೆ. ಆತ ತಲೆಯೆತ್ತಿ, ‘ಯಾರ ಜೊತೆ?’ ಎಂದ. ಬೇರೆ ಬೇರೆ ದೇಶದ ಕಾಲೇಜು ಚರ್ಚಾಪಟುಗಳ ಶಿಬಿರವೊಂದಿದೆ, ಕರೆಯೋಲೆ ಇಲ್ಲಿದೆ ಎಂದು ವಿವರಿಸುವಷ್ಟರಲ್ಲಿ ನನ್ನ ಹಿಂದಿನ ಸಾಲು ಪಕ್ಕದ ಕೌಂಟರಿಗೆ ಹೋಗಿ ಮುಗಿದಿತ್ತು. ಅಮ್ಮ ಕಟ್ಟಿಕೊಟ್ಟ ಕಾಫಿಪುಡಿಯ ಪೊಟ್ಟಣವನ್ನು ಇನ್ನೊಬ್ಬ ಬಿಚ್ಚಿ, ಮೂಸಿ, ಮತ್ತೊಮ್ಮೆ ಮೂಸಿ, ಮನಸ್ಸಿಲ್ಲದೆ ವಾಪಸ್ ಕೊಟ್ಟ. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ಗೆಲುವು ಅದೇ.

ವಾದ ನನಗೆ ಹೈಸ್ಕೂಲಿನಿಂದ ಹಿಡಿದ ಹುಚ್ಚು. ಕಲಿಸಿದ ಮೇಷ್ಟ್ರು ಹೇಳಿಕೊಟ್ಟ ಮೊದಲ ಸೂತ್ರ ಇದು: ಉದಾಹರಣೆಗೆ ಹೆಸರಿಡು. ‘ಒಬ್ಬ ರೈತ’ ಎಂದರೆ ತೀರ್ಪುಗಾರ ಆಕಳಿಸುತ್ತಾನೆ. ‘ಕಳಸದ ತಿಮ್ಮಪ್ಪ’ ಎಂದರೆ ಪೆನ್ನು ಕೈಗೆತ್ತಿಕೊಳ್ಳುತ್ತಾನೆ. ಕಳಸದ ತಿಮ್ಮಪ್ಪನನ್ನು ನಾನು ಬರಗಾಲಕ್ಕೂ ಬಳಸಿದ್ದೇನೆ, ಮತದಾನಕ್ಕೂ ಬಳಸಿದ್ದೇನೆ. ಅಂಥ ಮನುಷ್ಯ ಹುಟ್ಟಿಯೇ ಇರಲಿಲ್ಲ. ಈ ಸೂತ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೂರನೇ ದಿನ: ಮೇಜಲ್ಲದ ಮೇಜು

ಶಿಬಿರ ನಡೆದದ್ದು ಆ ದೇಶದ ನಡುಭಾಗದ, ನದಿ ದಂಡೆಯ ಒಂದು ನಗರದಲ್ಲಿ. ಕೊನೆಯ ದೊಡ್ಡ ಚರ್ಚೆಗೆ ಕೊಟ್ಟ ವಿಷಯ: ‘ಪ್ರತಿಭಟನೆಯ ಬೀದಿಚಿತ್ರಗಳನ್ನು ಕಾಪಾಡಿಡಬೇಕು.’ ಚೀಟಿ ಎತ್ತಿದಾಗ ನನಗೆ ಬಂದದ್ದು ವಿರೋಧ ಪಕ್ಷ. ಸಂತೋಷವೇ ಆಯಿತು. ವಿರೋಧ ನನಗೆ ಊಟ ಸೇರಿದಷ್ಟು ಸೇರುತ್ತದೆ.

ಚರ್ಚೆಗೆ ಮೊದಲು ವಿಷಯವನ್ನು ಕಣ್ಣಾರೆ ನೋಡಿ ಬನ್ನಿ ಎಂದು ನಮ್ಮನ್ನು ಒಂದು ಗೋದಾಮಿಗೆ ಕಳಿಸಿದರು. ಹಿನ್ನೆಲೆ ಇಷ್ಟು. ಕೆಲವು ವರ್ಷಗಳ ಹಿಂದೆ ಪೊಲೀಸರ ಕೈಯಲ್ಲಿ ಒಬ್ಬ ಕಪ್ಪು ಮನುಷ್ಯ ಸತ್ತಾಗ ಜನ ಬೀದಿಗಿಳಿದರು. ಅಂಗಡಿಯವರು ಹೆದರಿ ಗಾಜಿನ ಕಿಟಕಿಗಳಿಗೆಲ್ಲ ಪ್ಲೈವುಡ್ ಹೊಡೆದರು. ಜನ ಆ ಪ್ಲೈವುಡ್ಡಿನ ಮೇಲೇ ಚಿತ್ರ ಬರೆದರು. ಸತ್ತವರ ಮುಖ, ಸತ್ತವರ ಹೆಸರು, ಮುಷ್ಟಿ, ಹೂವು, ಬೈಗುಳ. ಗಲಾಟೆ ತಣ್ಣಗಾದ ಮೇಲೆ ಅಂಗಡಿಯವರು ಹಲಗೆ ಕಿತ್ತು ಕಸಕ್ಕೆ ಹಾಕತೊಡಗಿದರು. ಆಗ ಒಬ್ಬಾಕೆ ಪರಿಚಯದವರ ಲಾರಿ ಕೇಳಿ ತಂದು, ಕಸದಿಂದ ಹಲಗೆಗಳನ್ನು ಹೆಕ್ಕಿಸಿದರು. ಅವರೇ ಡೆನೀಸ್. ಅರವತ್ತು ದಾಟಿದ ಕಪ್ಪು ಹೆಂಗಸು, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಎಲ್ಲರನ್ನೂ ‘ಬೇಬಿ’ ಎಂದು ಕರೆಯುತ್ತಾರೆ. ಮೊದಲು ಮುಜುಗರವಾಯಿತು. ಆಮೇಲೆ ಗೊತ್ತಾಯಿತು, ಅದು ನಮ್ಮ ಕಡೆಯ ‘ಮಾರಾಯ’ ಇದ್ದ ಹಾಗೆ. ಪ್ರೀತಿಗೂ ಅದೇ, ಬೈಯುವುದಕ್ಕೂ ಅದೇ.

ಬಾಗಿಲಲ್ಲೇ ಕಾಗದದ ಲೋಟದಲ್ಲಿ ಕಾಫಿ ಕೊಟ್ಟರು. ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರನ್ನು ತೊಳೆದ ನೀರು ನಮ್ಮ ತೋಟದಲ್ಲಿ ಇದಕ್ಕಿಂತ ಗಟ್ಟಿ ಇರುತ್ತದೆ. ಎರಡು ಗುಟುಕು ಕುಡಿದು, ಪಕ್ಕದ ಮೇಜಿನ ಮೇಲಿಟ್ಟು, ನನ್ನ ವಾದ ಶುರು ಮಾಡಿದೆ. ಪ್ರತಿಭಟನೆ ಬೀದಿಯಲ್ಲಿರಬೇಕು, ಗೋದಾಮಿಗೆ ತಂದರೆ ಅದು ಉಪ್ಪಿನಕಾಯಿ. ಹುಳಿ ಉಳಿಯುತ್ತದೆ, ಮರ ಉಳಿಯುವುದಿಲ್ಲ. ಡೆನೀಸ್ ಅವರು ಪೂರ್ತಿ ಕೇಳಿದರು. ಆಮೇಲೆ, ‘ಚೆನ್ನಾಗಿ ಹೇಳಿದೆ ಬೇಬಿ. ಈಗ ಆ ಲೋಟ ಎತ್ತು’ ಎಂದರು.

ಎತ್ತಿದೆ. ಕೆಳಗೆ ಒದ್ದೆ ಬಳೆಯಂಥ ಗುರುತು. ನಾನು ಮೇಜು ಎಂದುಕೊಂಡದ್ದು ಮೇಜಾಗಿರಲಿಲ್ಲ. ಒರೆಸಲೆಂದು ಎರಡು ಮರದ ಸ್ಟ್ಯಾಂಡಿನ ಮೇಲೆ ಮಲಗಿಸಿದ್ದ ಹಲಗೆ. ಅದರ ಮೇಲೆ ಒಬ್ಬ ಹುಡುಗಿಯ ಮುಖ. ನನ್ನ ಕಾಫಿಯ ಬಳೆ ಆಕೆಯ ಕೆನ್ನೆಯ ಮೇಲಿತ್ತು.

ಕರವಸ್ತ್ರ ತೆಗೆದೆ. ‘ಮುಟ್ಟಬೇಡ’ ಎಂದು ಅವರು ಒಂದು ಕಾರ್ಡು ತಂದರು. ಪ್ರತಿ ಹಲಗೆಗೂ ಅಂಥದೊಂದು ಕಾರ್ಡು. ಬರೆದವರು. ಸಿಕ್ಕ ಜಾಗ. ಆದ ಹಾನಿ. ಹಾನಿ ಮಾಡಿದವರು. ಮೂರನೆಯ ಸಾಲಿನಲ್ಲಿ ‘ಕಾಫಿ ಲೋಟದ ಕಲೆ’ ಎಂದು ಬರೆದು, ನಾಲ್ಕನೆಯದಕ್ಕೆ ನನ್ನ ಹೆಸರು ಕೇಳಿದರು. ಪ್ರಮೋದ ಎಂದು ಬಾಯಲ್ಲೇ ಗುನುಗಿದೆ. ಅವರು ಕಿವಿಗೆ ಬಿದ್ದಂತೆ, ತಪ್ಪಾಗಿ ಬರೆದುಕೊಂಡರು. ನಾನು ತಿದ್ದಲು ಹೋಗಲಿಲ್ಲ. ತಪ್ಪಿದ್ದರೇ ಒಳ್ಳೆಯದು ಅನ್ನಿಸಿತು.

‘ಕಲೆ ತೆಗೆಯಬಹುದಲ್ಲ?’ ಎಂದೆ.

‘ತೆಗೆಯಬಹುದು. ಆದರೆ ಆದದ್ದು ಆಗಿದೆಯಲ್ಲ. ನಾವು ಹಾನಿಯನ್ನು ಮುಚ್ಚುವುದಿಲ್ಲ, ಬರೆದಿಡುತ್ತೇವೆ.’

ಆರನೇ ದಿನ: ಬೂಷ್ಟಿನ ವಾಸನೆ

ಮತ್ತೆ ಹೋಗುವ ಅಗತ್ಯ ಇರಲಿಲ್ಲ, ಆದರೂ ಹೋದೆ. ಎದುರು ಪಕ್ಷದ ಆಯುಧಗಳನ್ನು ಎಣಿಸಿಕೊಳ್ಳಲು ಎಂದು ಗೆಳೆಯರಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಆ ಕೆನ್ನೆ ಕಾಡುತ್ತಿತ್ತು.

ಅವತ್ತು ಗೋದಾಮಿನ ಮೂಲೆಯಲ್ಲಿ ನನ್ನ ಮೂಗಿಗೆ ಪರಿಚಯದ ವಾಸನೆ ಬಡಿಯಿತು. ಸಿಪ್ಪೆ ಸುಲಿದು ಒಣಗಿಸಿದ ಬೀಜಕ್ಕೆ ನಮ್ಮಲ್ಲಿ ಪಾರ್ಚ್‌ಮೆಂಟ್ ಎನ್ನುತ್ತೇವೆ. ಸರಿಯಾಗಿ ಒಣಗದ ಪಾರ್ಚ್‌ಮೆಂಟ್ ಮೂಟೆಯೊಳಗೆ ಬೂಷ್ಟು ಹಿಡಿಯುವಾಗ ಬರುವ ವಾಸನೆ ಅದು, ಕಣ್ಣಿಗೆ ಕಾಣುವ ಎರಡು ವಾರ ಮೊದಲೇ ಬರುತ್ತದೆ. ‘ಈ ಸಾಲಿನ ಹಿಂದೆ ತೇವ ಇದೆ’ ಎಂದೆ. ಡೆನೀಸ್ ಅವರಿಗೆ ನೆರವಾಗಲು ಬಂದಿದ್ದವರು ಯಾರೂ ನಂಬಲಿಲ್ಲ. ಹಲಗೆ ಸರಿಸಿದರೆ, ಗೋಡೆಯಲ್ಲಿ ಸಣ್ಣ ಸೋರಿಕೆ, ಎರಡು ಹಲಗೆಗಳ ಬೆನ್ನಿಗೆ ಕಪ್ಪು ಚುಕ್ಕೆ. ಉಳಿದವನ್ನೆಲ್ಲ ಹೊತ್ತು ಬೇರೆ ಕಡೆ ನಿಲ್ಲಿಸಿದೆವು. ಒಂದಕ್ಕೊಂದು ತಾಗದಂತೆ ನಡುವೆ ರೀಪು ಕೊಟ್ಟೆವು. ನಾವು ಮೂಟೆಗಳ ಕೆಳಗೆ ಅಟ್ಟಣಿಗೆ ಕೊಡುತ್ತೇವಲ್ಲ, ಹಾಗೆ.

ಡೆನೀಸ್ ಅವರು ಬೆನ್ನು ತಟ್ಟಿ, ‘ಈ ಮೂಗು ಎಲ್ಲಿಂದ ತಂದೆ ಬೇಬಿ?’ ಎಂದರು. ಕುದುರೆಮುಖದ ಬೆಟ್ಟಸಾಲು, ಮೂಡಿಗೆರೆ, ಕಾಫಿ ಎಂದೆಲ್ಲ ಉಬ್ಬಿ ಹೇಳಿದೆ. ಗುಂಪಿನಲ್ಲಿದ್ದ ಒಬ್ಬರು ‘ನಿಮ್ಮಲ್ಲೂ ಇಂಥದ್ದು ಇದೆಯಂತಲ್ಲ, ಜಾತಿ?’ ಎಂದರು. ಇದಕ್ಕೆ ನನ್ನ ಹತ್ತಿರ ತಯಾರಿದ್ದ ಉತ್ತರವಿದೆ. ಜಾತಿ ಬೇರೆ, ವರ್ಣಭೇದ ಬೇರೆ, ಚರಿತ್ರೆ ಬೇರೆ, ಕಾನೂನು ಬೇರೆ, ಹೋಲಿಕೆ ದೋಷಪೂರಿತ. ನಾಲ್ಕು ನಿಮಿಷ ಹೇಳಿದೆ. ಒಂದು ಮಾತೂ ಸುಳ್ಳಲ್ಲ. ಬಾಗಿಲಿಗೆ ಅಗುಳಿ ಹಾಕುವುದಕ್ಕೂ ನಿಜವಾದ ಮರವೇ ಬೇಕಲ್ಲವೇ?

ಹೊರಡುವಾಗ ಗೋದಾಮಿನ ಹಿಂಬದಿಯ ಗೋಡೆ ನೋಡಿದೆ. ಅದರಲ್ಲಿ ಹಲಗೆಗಳಿಲ್ಲ, ಬರೀ ಮೊಳೆ. ಪ್ರತಿ ಮೊಳೆಯ ಕೆಳಗೆ ಒಂದು ಕಾರ್ಡು. ಉಳಿಸಲಾಗದೆ ಹೋದ ಚಿತ್ರಗಳ ಜಾಗ ಅದು: ಬಣ್ಣ ಬಳಿದು ಮುಚ್ಚಿದ್ದು, ಸುಟ್ಟದ್ದು, ಗರಗಸಕ್ಕೆ ಸಿಕ್ಕಿದ್ದು. ಕೆಲವು ಕಾರ್ಡಿನಲ್ಲಿ ‘ಬರೆದವರು’ ಎಂಬಲ್ಲಿ ‘ಗೊತ್ತಿಲ್ಲ, ಹುಡುಕುತ್ತಿದ್ದೇವೆ’ ಎಂದಿತ್ತು. ಖಾಲಿ ಮೊಳೆಗೆ ಇಷ್ಟು ಮರ್ಯಾದೆಯೇ ಎಂದು ಮನಸ್ಸಿನಲ್ಲೇ ನಕ್ಕೆ. ಚರ್ಚೆಗೆ ಒಳ್ಳೆಯ ಲೇವಡಿ ಸಿಕ್ಕಿತು ಎಂದುಕೊಂಡೆ.

ಹತ್ತನೇ ದಿನ: ಗೆದ್ದದ್ದು

ಚರ್ಚೆ ನಡೆದದ್ದೂ ಗೋದಾಮಿನಲ್ಲೇ, ಹಲಗೆಗಳ ನಡುವೆ. ಮುಂದಿನ ವಾರ ಅಲ್ಲಿ ಊರ ಜನಕ್ಕಾಗಿ ಪ್ರದರ್ಶನ ತೆರೆಯುವುದಿತ್ತು, ಹಾಗಾಗಿ ಜನವೂ ಇದ್ದರು. ಎದುರು ಪಕ್ಷದವರು ಚೆನ್ನಾಗಿ ಮಾತಾಡಿದರು. ನನ್ನ ಉಪ್ಪಿನಕಾಯಿ, ಖಾಲಿ ಮೊಳೆ ಎರಡೂ ಮುಗ್ಗರಿಸಿದವು, ಯಾರೂ ನಗಲಿಲ್ಲ. ಕೊನೆಯ ಎರಡು ನಿಮಿಷ ಉಳಿದಿತ್ತು. ಸೋಲು ಕಣ್ಣೆದುರು ಬಂದಾಗ ನನ್ನ ನಾಲಿಗೆ ನನ್ನನ್ನು ಕೇಳುವುದಿಲ್ಲ.

ನಮ್ಮ ತೋಟದ ಒಂದು ಗೋಡೆಯ ಕಥೆ ಹೇಳಿದೆ.

ಪಲ್ಪರ್ ಮನೆಯ ಹಿಂದಿನ ಗೋಡೆ. ಕೂಲಿಯವರ ಲೈನ್ ಮನೆಗಳ ಒಬ್ಬ ಹುಡುಗಿ ಇದ್ದಿಲಿನಲ್ಲಿ ಬರೆದ ಚಿತ್ರ. ಸಾಲಾಗಿ ಬೋರಲು ಹಾಕಿದ ಹನ್ನೊಂದು ಸ್ಟೀಲ್ ಲೋಟ. ಪ್ರತಿ ಲೋಟಕ್ಕೂ ಒಂದು ಮುಖ, ನಮ್ಮಲ್ಲಿ ಹಣ್ಣು ಕೊಯ್ಯುವ ಹನ್ನೊಂದು ಹೆಂಗಸರ ಮುಖ. ಅವರವರು ತಮ್ಮ ತಮ್ಮ ಮುಖ ಗುರುತು ಹಿಡಿದು ಬಿದ್ದು ಬಿದ್ದು ನಕ್ಕಿದ್ದರು. ಪಕ್ಕದಲ್ಲಿ, ಸ್ವಲ್ಪ ದೂರ, ದೊಡ್ಡದೊಂದು ಪಿಂಗಾಣಿ ಕಪ್ಪು. ಅದಕ್ಕೆ ಮುಖವಿಲ್ಲ. ‘ಗಮನಿಸಿ, ದಬ್ಬಾಳಿಕೆಗೆ ಮುಖವಿರುವುದಿಲ್ಲ!’ ಎಂದು ಗಂಟಲು ಎತ್ತರಿಸಿದೆ. ‘ಗಿರಿಜಾ ಎಂಬ ಆ ಹುಡುಗಿಯ ಚಿತ್ರವನ್ನು ಯಾವ ಗೋದಾಮೂ ಕಾಪಾಡಲಿಲ್ಲ. ಆ ವರ್ಷದ ಮಳೆ ಅದನ್ನು ತೊಳೆದುಕೊಂಡು ಹೋಯಿತು. ಆದರೂ ನೋಡಿದವರ ಎದೆಯಲ್ಲಿ ಅದು ಉಳಿದಿದೆ. ಉಳಿಯಬೇಕಾದದ್ದು ಮೊಳೆಯಿಲ್ಲದೆಯೂ ಉಳಿಯುತ್ತದೆ!’

ಗೆದ್ದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಡೆನೀಸ್ ಅವರು ಕಣ್ಣೊರೆಸಿಕೊಂಡು ಬಂದರು. ಕೈಯಲ್ಲಿ ಒಂದು ಮೊಳೆ, ಸುತ್ತಿಗೆ, ಕಾರ್ಡು. ‘ನಿನ್ನ ವಾದ ನಾನು ಒಪ್ಪುವುದಿಲ್ಲ. ಆದರೆ ಆ ಹುಡುಗಿಗೆ ನಮ್ಮ ಗೋಡೆಯಲ್ಲಿ ಜಾಗ ಇದೆ’ ಎಂದರು. ‘ಹೆಸರಿನ ಅಕ್ಷರ ಹೇಳು.’ ಒಂದೊಂದಾಗಿ ಹೇಳಿದೆ. ಗಿರಿಜಾ. ‘ಹಾನಿ?’ ಮಳೆ. ‘ಮಾಡಿದವರು?’ ‘ಮಳೆಗೆ ಹೆಸರಿರುತ್ತದೆಯೇ?’ ಎಂದೆ. ಅವರು ನಕ್ಕು ಒಂದು ಅಡ್ಡಗೆರೆ ಎಳೆದರು.

ಈಗ ನಿಜ ಹೇಳುತ್ತೇನೆ. ಚಿತ್ರ ಇದ್ದದ್ದು ನಿಜ. ಲೋಟಗಳೂ ನಿಜ. ನಮ್ಮ ಮನೆಯ ಹಿಂದಿನ ಜಗಲಿಕಟ್ಟೆಯ ಮೇಲೆ ಹನ್ನೊಂದು ಲೋಟ ಬೋರಲಾಗಿರುತ್ತವೆ. ಲೈನಿನವರಿಗೆ ಚಹಾ ಅದರಲ್ಲೇ, ಹೊರಗೇ. ಕುಡಿದವರೇ ತೊಳೆದು ಬೋರಲು ಹಾಕಿ ಹೋಗುತ್ತಾರೆ. ಒಳಗಿನ ಲೋಟ ಬೇಡ ಎಂದು ಅವರಿಗೆ ಯಾರೂ ಹೇಳಿಲ್ಲ, ಯಾರೂ ಕೊಟ್ಟೂ ಇಲ್ಲ. ಅವರ ಜಾತಿ ಬೇರೆ; ಅಷ್ಟೇ ವಿವರಣೆ, ಅದನ್ನೂ ಯಾರೂ ಬಾಯಿಬಿಟ್ಟು ಕೊಡುವುದಿಲ್ಲ.

ಆ ಚಿತ್ರ ಬರೆದ ವಾರವೇ ಹೊರದೇಶದ ಕಾಫಿ ಖರೀದಿದಾರರ ಕಡೆಯವರು ತೋಟ ನೋಡಲು ಬರುವವರಿದ್ದರು. ಕಾಡು, ನೀರು, ಕೂಲಿಯವರ ಬದುಕು ಎಲ್ಲ ಸರಿಯಿದ್ದರೆ ಒಂದು ಸರ್ಟಿಫಿಕೇಟು. ಅಪ್ಪ ಗೋಡೆ ನೋಡಿ ಏನೂ ಹೇಳಲಿಲ್ಲ. ತೋಟದ ಲೆಕ್ಕಪತ್ರ, ಹಾಜರಿ ನೋಡಿಕೊಳ್ಳುವ ರೈಟರ್ ವಾಸಪ್ಪನವರು ‘ಇರ್ಲಿ ಬಿಡಿ, ಚಂದ ಉಂಟು’ ಎಂದರು. ಇರಲಿ ಎಂದು ಬಿಡದವನು ನಾನು. ಬಕೆಟ್ಟಿಗೆ ಸುಣ್ಣ ಕಲಸಿ, ಚೂರು ನೀಲಿ ಹಾಕಿ, ನಾನೇ ಬಳಿದೆ. ಮೊದಲ ಸಲ ಬಳಿದಾಗ ಮುಖಗಳು ಸುಣ್ಣದ ಮೂಲಕ ಮತ್ತೂ ಕಂಡವು. ಇನ್ನೊಂದು ಸಲ ಬಳಿದೆ. ಮೂರು ದಿನದ ಮೇಲೆ ಚಿಕ್ಕಮಗಳೂರಿಗೆ ಹೋಗಿ, ಸಮಾನತೆಯ ಪರವಾಗಿ ಮಾತಾಡಿ, ಕಪ್ ಗೆದ್ದು ತಂದೆ.

ಮತ್ತೆ ಗಿರಿಜಾ? ಆ ಹೆಸರು ಆ ಕ್ಷಣಕ್ಕೆ ಬಾಯಿಗೆ ಬಂದದ್ದು. ಕಳಸದ ತಿಮ್ಮಪ್ಪನ ತಂಗಿ ಅಂದುಕೊಳ್ಳಿ. ನಮ್ಮ ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿದ್ದ ಹುಡುಗಿಯ ಹೆಸರು ನನಗೆ ಗೊತ್ತಿರಲಿಲ್ಲ.

ಹನ್ನೆರಡನೇ ದಿನ: ಎರಡು ಎಲ್

ಹಾಗೇ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಹತ್ತು ಸಾವಿರ ಮೈಲಿ ದೂರದ ಗೋಡೆ, ಅಲ್ಲಿನ ಒಂದು ಮೊಳೆ. ಯಾರು ಬಂದು ಪರೀಕ್ಷಿಸುತ್ತಾರೆ? ಪರೀಕ್ಷೆಯಾಗದ ಸಾಕ್ಷ್ಯ ಗೆದ್ದ ಸಾಕ್ಷ್ಯ ಎಂದು ನಾನೇ ಕಿರಿಯರಿಗೆ ಕಲಿಸಿದ್ದೇನೆ.

ಅವತ್ತು ಹಲಗೆ ತೂಗುಹಾಕಲು ಕೈಜೋಡಿಸುತ್ತಿದ್ದೆ. ಬಸ್ಸು ರಿಪೇರಿ ಕೆಲಸದ ಅಂಗಿಯಲ್ಲೇ ಒಬ್ಬ ಮನುಷ್ಯ ಒಳಗೆ ಬಂದ. ಕೈಯಲ್ಲಿ ಊಟದ ಡಬ್ಬಿ. ಸುಮ್ಮನೆ ನೋಡುತ್ತಾ ಬಂದವನು ಒಂದು ಹಲಗೆಯ ಮುಂದೆ ನಿಂತುಬಿಟ್ಟ. ಅದರ ಕಾರ್ಡಿನಲ್ಲಿ ‘ಗೊತ್ತಿಲ್ಲ, ಹುಡುಕುತ್ತಿದ್ದೇವೆ’ ಎಂದಿತ್ತು.

‘ಇದು ನಾನು ಬರೆದದ್ದು’ ಎಂದ. ಯಾರಿಗೂ ಹೇಳಿದ್ದಲ್ಲ, ಹಲಗೆಗೇ ಹೇಳಿದಂತೆ.

ಡೆನೀಸ್ ಅವರು ಓಡಿ ಬಂದರು. ನಿಜವೇ ಎಂದು ತಿಳಿಯಲು ಒಂದೇ ಪ್ರಶ್ನೆ ಕೇಳಿದರು: ‘ಕೆಳಗಿನ ಬಲಮೂಲೆಯಲ್ಲಿ ಏನಿದೆ?’ ಆ ಮೂಲೆಗೆ ಚೌಕಟ್ಟು ಅಡ್ಡ ಬಂದಿತ್ತು, ಕಾಣುತ್ತಿರಲಿಲ್ಲ. ‘ನನ್ನ ತಮ್ಮನ ಚಪ್ಪಲಿ’ ಎಂದ. ಚೌಕಟ್ಟು ಸಡಿಲಿಸಿದರು. ಚಪ್ಪಲಿ ಇತ್ತು. ತಮ್ಮ ಏನಾದ ಎಂದು ಯಾರೂ ಕೇಳಲಿಲ್ಲ.

‘ಇಷ್ಟು ವರ್ಷದಿಂದ ನಿನ್ನನ್ನು ಹುಡುಕುತ್ತಿದ್ದೇನೆ ಬೇಬಿ. ಎಲ್ಲಿ ಹಾಳಾಗಿ ಹೋಗಿದ್ದೆ?’ ಎಂದು ಬೈಯುತ್ತಾ ಡೆನೀಸ್ ಅವರು ಹಳೆಯ ಸಾಲಿಗೆ ಗೀಟೆಳೆದು ಹೆಸರು ಬರೆದರು. ಆತ ಬಗ್ಗಿ ನೋಡಿ, ‘ಎರಡು ಎಲ್’ ಎಂದ. ಅವರು ಹರಿದುಹಾಕಿ ಹೊಸ ಕಾರ್ಡು ಬರೆದರು. ಎರಡು ಎಲ್ ಇತ್ತು. ಆತ ಅದರ ಮೇಲೆ ಬೆರಳಾಡಿಸಿ, ಡಬ್ಬಿ ಬಿಚ್ಚಿ, ಅಲ್ಲೇ ನೆಲದ ಮೇಲೆ ಕೂತು ಊಟ ಮಾಡಿದ.

ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಎದುರಿನ ಗೋಡೆಯಲ್ಲಿ ಗಿರಿಜಾ ಇದ್ದಳು. ಒಂದಕ್ಷರಕ್ಕಾಗಿ ಕಾರ್ಡು ಹರಿಯುವ ಜಾಗದಲ್ಲಿ ನಾನು ಇಡೀ ಹುಡುಗಿಯನ್ನೇ ಸುಳ್ಳು ಹೇಳಿ ತೂಗುಹಾಕಿದ್ದೆ.

ಹದಿಮೂರನೇ ದಿನ: ಎರಡು ಫೋನು

ಅಲ್ಲಿ ಬೆಳಿಗ್ಗೆ ಏಳು ಗಂಟೆ ಎಂದರೆ ನಮ್ಮಲ್ಲಿ ಸಂಜೆ, ಕೆಲಸ ಬಿಡುವ ಹೊತ್ತು. ಅಮ್ಮನಿಗೆ ಫೋನ್ ಮಾಡಿದೆ.

‘ಪಲ್ಪರ್ ಮನೆ ಗೋಡೆ ಮೇಲೆ ಚಿತ್ರ ಬರ್ದಿದ್ಲಲ್ಲ, ಲೈನಿನ ಹುಡ್ಗಿ. ಅವಳ ಹೆಸ್ರು ಎಂಥದು?’

‘ಎಂಥ ಮಾರಾಯ, ಊಟ ಸರಿ ಆಗ್ತದಾ ಅಂತ ನಾನು ಕಾಯ್ತಿದ್ರೆ ನೀ ಲೈನಿನ ಹುಡ್ಗಿ ಹೆಸ್ರು ಕೇಳ್ತೀಯಲ್ಲ! ಮೇಸ್ತ್ರಿ ಲಚ್ಚಣ್ಣನ ಮಗಳಲ್ವಾ ಅವ್ಳು? ಉದ್ದ ಜಡೆದು? ಹೆಸ್ರು... ತಡಿ, ನಾಲಿಗೆ ತುದೀಲಿದೆ.’

‘ಅಮ್ಮ, ಅವ್ಳ ಅಮ್ಮ ನಮ್ಮನೇಲಿ ಇಪ್ಪತ್ತು ವರ್ಷ ಕೆಲ್ಸ ಮಾಡಿದಾಳೆ.’

‘ಅದಕ್ಕೇ. ದಿನಾ ನೋಡೋರಿಗೆ ಹೆಸ್ರು ಯಾಕೆ ಬೇಕು? ಇರು, ವಾಸಪ್ಪ ಇಲ್ಲೇ ಇದಾರೆ.’

ರೈಟರ್ ವಾಸಪ್ಪನವರು ಹಾಜರಿ ಪುಸ್ತಕ ತೆರೆದರು. ಆಕೆ ಎರಡು ರಜೆಯಲ್ಲಿ ಕೊಯ್ಲಿಗೆ ಬಂದಿದ್ದಳು. ‘ಸುಗುಣ ಅಂತ ಬರ್ದೀನಿ ಸಣ್ಣಯ್ಯ. ಈಗ ಕಳಸದಲ್ಲಿದಾಳೆ. ಜೀಪ್‌ಗಳ ಹಿಂದೆ ಹೆಸ್ರು ಬರೀತಾಳೆ, ಬೋರ್ಡು ಬರೀತಾಳೆ. ಹೊರನಾಡಿಗೆ ಓಡೋ ಅರ್ಧ ಜೀಪು ಅವಳ ಕೈದೇ. ನಂಬರ್ ಬರ್ಕೊಳಿ.’

ಬರೆದುಕೊಂಡು ಫೋನ್ ಮಾಡಿದೆ.

‘ಸುಗುಣ ಅವ್ರಾ?’

‘ಆ ಹೆಸ್ರಿನೋರು ಯಾರೂ ಇಲ್ಲ’ ಎಂದು ಇಟ್ಟರು.

ಮತ್ತೆ ಮಾಡಿದೆ. ಈ ಸಲ ಹೆಸರೆತ್ತದೆ, ‘ಪಲ್ಪರ್ ಮನೆ ಗೋಡೆ ಮೇಲೆ ಲೋಟದ ಚಿತ್ರ ಬರೆದಿದ್ದು ನೀವಾ?’ ಎಂದೆ. ಆ ಕಡೆ ಜೀಪೊಂದು ಹಾರ್ನ್ ಹೊಡೆದದ್ದು ಕೇಳಿಸಿತು.

‘ಯಾರು, ಸಣ್ಣಯ್ಯರಾ?’

‘ಹೌದು.’

‘ನನ್ನ ಹೆಸ್ರು ಸುಗಂಧಿ. ರೈಟ್ರಿಗೆ ಕಿವಿ ಸ್ವಲ್ಪ ಮಂದ. ನಾಲ್ಕು ಸಲ ಹೇಳಿದ್ದೆ, ಆಮೇಲೆ ಬಿಟ್ಟೆ. ಎಂಥ ಹೇಳಿ, ಕೈಯಲ್ಲಿ ಬಣ್ಣ ಉಂಟು.’

ಹೇಳಿದೆ. ಗೋದಾಮು, ಹಲಗೆ, ಮೊಳೆ, ಚರ್ಚೆ, ಗಿರಿಜಾ. ಅವಳು ಮಧ್ಯೆ ಬಾಯಿ ಹಾಕಲಿಲ್ಲ. ನನ್ನ ಮಾತನ್ನು ಅಷ್ಟು ಹೊತ್ತು ಯಾರಾದರೂ ಸುಮ್ಮನೆ ಕೇಳಿದರೆ ಸಾಮಾನ್ಯವಾಗಿ ನನಗೆ ಖುಷಿ. ಅವತ್ತು ಆಗಲಿಲ್ಲ.

‘ಗಿರಿಜಾ’ ಎಂದಳು, ರುಚಿ ನೋಡುವವಳಂತೆ. ‘ಚಲೋ ಹೆಸ್ರೇ. ನಾನು ಹೆಸ್ರು ಬರ್ದೇ ಅನ್ನ ತಿನ್ನೋಳು ಸಣ್ಣಯ್ಯ. ಒಂದ್ ಒತ್ತಕ್ಷರ ತಪ್ಪಿದ್ರೆ ಜೀಪ್ನೋರು ಇಡೀ ಪ್ಯಾಟೆಗೆ ಕೇಳೋ ಹಂಗೆ ಬೈತಾರೆ. ನೀವು ಪೂರಾ ಹೆಸ್ರೇ ತಪ್ಪು ಬರ್ಸಿ ಕಪ್ ಗೆದ್ರಿ. ಅಲ್ಲಾ, ಅಳಿಸಿದ್ದು ಹೆಂಗೆ ಅಂತ ಹೇಳಿದ್ರಿ?’

‘ಮಳೆ... ಅಂದೆ.’

ನಕ್ಕಳು. ಸಣ್ಣ ನಗುವಲ್ಲ. ‘ಮಳೆಯಾ! ಪಲ್ಪರ್ ಮನೆ ಸೂರು ಗೋಡೆಯಿಂದ ಒಂದಾಳುದ್ದ ಈಚೆ ಉಂಟಲ್ಲ, ಆ ಗೋಡೆಗೆ ಮಳೆ ಎಲ್ಲಿಂದ ಬರ್ತದೆ? ಅಲ್ಲಿ ಸೌದೆ ಒಣಗಿಸ್ತಿದ್ವಿ ನಾವು, ಆಷಾಢದಲ್ಲಿ! ಅಲ್ಲಿ ಮೊಳೆ ಹೊಡ್ದೋರಿಗೆ ಗೊತ್ತಾಗ್ಲಿಲ್ಲ ಸರಿ. ನಿಮಗೂ ಗೊತ್ತಾಗ್ಲಿಲ್ವಾ?’

ಎಂಟು ವರ್ಷದ ವಾದದಲ್ಲಿ ನನ್ನನ್ನು ಇಷ್ಟು ಸುಲಭವಾಗಿ ಯಾರೂ ಬೀಳಿಸಿರಲಿಲ್ಲ. ತಪ್ಪಿಸಿಕೊಳ್ಳಲು ಚಿತ್ರವನ್ನು ಹೊಗಳಿದೆ. ಆ ಮುಖವಿಲ್ಲದ ಕಪ್ಪು ಎಷ್ಟು ದೊಡ್ಡ ಮಾತು ಹೇಳುತ್ತದೆ ಎಂದೆ.

‘ಎಂಥ ದೊಡ್ಡ ಮಾತು? ಇದ್ಲು ಮುಗೀತು’ ಎಂದಳು. ‘ಮಾರನೇ ದಿನ ಬರೆಯಾಣ ಅಂತಿದ್ದೆ. ಮಾರನೇ ದಿನ ಬಂದ್ರೆ ಸುಣ್ಣ.’

‘ಯಾರ ಮುಖ ಬರೀಬೇಕು ಅಂತಿದ್ದಿ?’

‘ನಿಮ್ದೇ. ಒಂದು ಬೇಸಿಗೆ ಲೈನಿಗೆ ಬಂದು ಇಂಗ್ಲಿಷ್ ಹೇಳ್ಕೊಟ್ರಲ್ಲ, ನಾನು ಹಿಂದಿನ ಸಾಲಲ್ಲಿ ಕೂತಿರ್ತಿದ್ದೆ. ನಗೋ ಹಂಗೆ ಬರೀಬೇಕಂತಿತ್ತು. ಆ ಕಪ್ಪು ಬೈಯೋದಕ್ಕೆ ಬರೆದದ್ದಲ್ಲ. ನೀವು ಆ ಕಪ್ಪು ಹಿಡ್ಕೊಂಡೇ ಬರ್ತಿದ್ರಿ, ಅದಕ್ಕೆ.’

ಕಲಿಸಲು ಹೋದವನು ಒಂದು ದಿನವೂ ಹಾಜರಿ ತೆಗೆದುಕೊಂಡಿರಲಿಲ್ಲ. ಎಲ್ಲರನ್ನೂ ‘ಏಯ್’ ಎಂದೇ ಕರೆದಿದ್ದೆ. ಸುಣ್ಣ ಬಳಿದವನು ನಾನೇ, ತಪ್ಪಾಯಿತು ಎಂದೆ. ಕಾರ್ಡಿನಲ್ಲಿ ನಿನ್ನ ಹೆಸರು ಹಾಕಿಸಲೇ ಎಂದು ಕೇಳಿದೆ.

‘ಹಾಕ್ಸಿ. ನಾನೇ ಇಂಗ್ಲಿಷ್ ಅಕ್ಷರದಲ್ಲಿ ಬರ್ದು ಫೋಟೋ ಕಳಿಸ್ತೀನಿ, ಅದನ್ನ ನೋಡ್ಕೊಂಡೇ ಬರೀಲಿ. ಮತ್ತೆ ಹಾನಿ ಮಾಡಿದೋರು ಅಂತ ಒಂದ್ ಸಾಲು ಉಂಟು ಅಂದ್ರಲ್ಲ?’

‘ಉಂಟು.’

‘ಅದನ್ನ ಖಾಲಿ ಬಿಡ್ಬೇಡಿ. ನನ್ನ ಹೆಸ್ರೊಂದೇ ಆದ್ರೆ ಬೇಡ. ಎರಡೂ ಇದ್ರೆ ಹಾಕ್ಸಿ.’

ಹದಿನಾರನೇ ದಿನ: ಮೊಳೆ

ಪ್ರದರ್ಶನ ತೆರೆಯುವ ದಿನ ಬೆಳಿಗ್ಗೆ ಹೋದೆ. ನಡುವೆ ಮೂರು ದಿನ ಯಾಕಾಯಿತು ಎಂದರೆ, ಅಷ್ಟು ದಿನವೂ ನಾನು ನನ್ನೊಡನೆ ವಾದ ಮಾಡಿ ಗೆಲ್ಲುತ್ತಿದ್ದೆ. ಹೆಸರು ತಿದ್ದಿಸಿದರೆ ಸಾಕು, ಮಳೆ ಹಾಗೇ ಇರಲಿ. ಚಿತ್ರಕ್ಕೆ ಮುಖ್ಯ ಬರೆದವಳು, ಅಳಿಸಿದವನಲ್ಲ. ನನ್ನ ಹೆಸರು ಹಾಕಿಸಿದರೆ ನಾನೇ ಮುಂದೆ ಬಂದಂತಾಗುತ್ತದೆ, ಅದೂ ಅಹಂಕಾರವೇ. ಎಷ್ಟು ಚೆಂದದ ಅಂಶಗಳು! ಮೂರನೆಯದನ್ನಂತೂ ನಾನು ಪೂರ್ತಿ ನಂಬಿಬಿಟ್ಟಿದ್ದೆ. ಅಷ್ಟರಲ್ಲಿ ಸುಗಂಧಿಯ ಫೋಟೋ ಬಂತು. ಜೀಪಿನ ಹಿಂಬಾಗಿಲಿನ ನೀಲಿ ತಗಡಿನ ಮೇಲೆ ಹಳದಿ ಬಣ್ಣದಲ್ಲಿ ಅವಳ ಹೆಸರು. ಅದರ ಕೆಳಗೆ, ಅಷ್ಟೇ ಗಾತ್ರದಲ್ಲಿ, ಅಷ್ಟೇ ಶ್ರದ್ಧೆಯಿಂದ, ನನ್ನದು.

ಡೆನೀಸ್ ಅವರು ಬಾಗಿಲಿಗೆ ಕಾಗದದ ಹೂಮಾಲೆ ಕಟ್ಟುತ್ತಿದ್ದರು. ಎಲ್ಲ ಹೇಳಿದೆ. ಈ ಸಲ ನನ್ನ ಮಾತಿಗೆ ಏರಿಳಿತ ಇರಲಿಲ್ಲ, ಉದಾಹರಣೆ ಇರಲಿಲ್ಲ. ಅವರು ಮೆಟ್ಟಿಲೇಣಿಯಿಂದ ಇಳಿಯಲಿಲ್ಲ. ಮುಗಿದ ಮೇಲೆ ಮಾಲೆಯ ಗಂಟನ್ನೇ ಬಿಗಿ ಮಾಡಿದರು.

‘ನಾನು ಅವತ್ತು ಅತ್ತೆ’ ಎಂದರು. ‘ಎಲ್ಲರ ಎದುರು ಅತ್ತೆ. ಆ ಅಳುವನ್ನು ನನಗೆ ವಾಪಸ್ ಕೊಡುತ್ತೀಯಾ?’

ಅವರು ‘ಬೇಬಿ’ ಎನ್ನಲಿಲ್ಲ ಎಂಬುದನ್ನು ಗಮನಿಸಿದೆ.

ಇಳಿದು ಬಂದು, ಗಿರಿಜಾಳ ಕಾರ್ಡನ್ನು ಮೊಳೆಯಿಂದ ತೆಗೆದು ಹರಿದರು. ಹೊಸತನ್ನು ನನ್ನ ಕೈಗೆ ಕೊಟ್ಟು, ‘ನೀನೇ ಬರಿ. ಫೋಟೋ ನೋಡಿಕೊಂಡು ಬರಿ’ ಎಂದರು. ಬರೆದೆ.

ಬರೆದವರು: ಸುಗಂಧಿ. ಜಾಗ: ಪಲ್ಪರ್ ಮನೆಯ ಹಿಂದಿನ ಗೋಡೆ, ಮೂಡಿಗೆರೆ. ಹಾನಿ: ಸುಣ್ಣ, ಎರಡು ಸಲ. ಮಾಡಿದವರು: ಪ್ರಮೋದ.

ಡೆನೀಸ್ ಅವರು ಫೋ‌ಟೋದ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡಿದರು. ಆಮೇಲೆ ಕಾಫಿ ಕಲೆಯ ಹಳೆಯ ಕಾರ್ಡನ್ನೂ ತಂದು, ಅದರಲ್ಲಿ ತಪ್ಪಾಗಿದ್ದ ನನ್ನ ಹೆಸರನ್ನು ತಿದ್ದಿಕೊಂಡರು. ನನ್ನ ಮನೆಯ ಕಪಾಟಿನಲ್ಲಿ ಕಪ್‌ಗಳ ಸಾಲೇ ಇದೆ, ಒಂದೆರಡರಲ್ಲಿ ಹೆಸರು ತಪ್ಪಾಗಿಯೂ ಇದೆ. ಆ ಎರಡು ಕಾರ್ಡುಗಳಲ್ಲಿ ಮಾತ್ರ ಸರಿಯಾಗಿದೆ.

ಸಂಜೆ ಜನ ಬಂದರು. ಖಾಲಿ ಮೊಳೆಗಳ ಗೋಡೆಯ ಮುಂದೆ ಒಂದು ವಯಸ್ಸಾದ ಜೋಡಿ ನಿಂತು ಸುಗಂಧಿಯ ಕಾರ್ಡನ್ನು ಓದಿದರು. ಹೆಂಗಸು ಆ ಹೆಸರನ್ನು ಎರಡು ಸಲ ಉಚ್ಚರಿಸಲು ನೋಡಿದಳು. ಗಂಡ ಕೊನೆಯ ಸಾಲು ಓದಿ, ‘ಯಾರೋ ಏನೋ, ಹಾಳಾದವನು’ ಎಂದ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಹೊರಟ ದಿನ

ವಿಮಾನದ ಸೀಟಿನಲ್ಲಿ ಕೂತು, ಮೊಳೆ ಮತ್ತು ಕಾರ್ಡಿನ ಫೋಟೋವನ್ನು ಸುಗಂಧಿಗೆ ಕಳಿಸಿದೆ. ಒಳ್ಳೆಯ ಮಾತು ಬರಬಹುದು ಎಂಬ ಆಸೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ನಿಮಿಷಕ್ಕೆ ಉತ್ತರ ಬಂತು.

‘ಅಕ್ಷರ ಸರಿ ಉಂಟು.’

ಅದರ ಹಿಂದೆಯೇ ಇನ್ನೊಂದು.

‘ಲೋಟ?’

ಅಷ್ಟೇ, ಒಂದೇ ಪದ. ಚಿತ್ರದ ಬಗ್ಗೆ ಇಷ್ಟು ದಿನ ಮಾತಾಡಿದ್ದೆ, ಚಿತ್ರಕ್ಕಾಗಿ ಗೆದ್ದಿದ್ದೆ, ಚಿತ್ರಕ್ಕಾಗಿ ನಾಚಿದ್ದೆ. ಆ ಹೊತ್ತಿಗೆ ನಮ್ಮ ಮನೆಯ ಹಿಂದಿನ ಜಗಲಿಕಟ್ಟೆಯ ಮೇಲೆ ಹನ್ನೊಂದೂ ಬೋರಲಾಗಿದ್ದವು. ನಾನು ಹೊರಟ ದಿನ ಬೆಳಿಗ್ಗೆಯೂ ಇದ್ದವು. ಅವುಗಳ ಪಕ್ಕದಲ್ಲೇ ಸೂಟ್‌ಕೇಸ್ ಇಟ್ಟು ಬೂಟಿನ ದಾರ ಕಟ್ಟಿಕೊಂಡಿದ್ದೆ.

ಟೈಪ್ ಮಾಡಿದೆ, ಅಳಿಸಿದೆ. ಅಮ್ಮನಿಗೆ ಹೇಳುತ್ತೇನೆ ಎಂದು ಬರೆದೆ, ಅಳಿಸಿದೆ. ಇದು ಬರೀ ಲೋಟದ ಪ್ರಶ್ನೆಯಲ್ಲ ಎಂದು ಶುರು ಮಾಡಿ, ಎರಡನೆಯ ಅಂಶಕ್ಕೆ ಬಂದು, ಅದನ್ನೂ ಅಳಿಸಿದೆ. ಅಷ್ಟರಲ್ಲಿ ಗಗನಸಖಿ ಬಂದು ಫೋನ್ ಆರಿಸಿ ಎಂದಳು.

ಆರಿಸಿದೆ. ನನಗೆ ಎಂಥ ನಿರಾಳವಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ.